ವೃದ್ಧರ ಹೃದಯದಲ್ಲಿನ ಯಂತ್ರ: ಅದನ್ನು ಹೊರತೆಗೆಸಬೇಕಾದಾಗ

ಮಾನವನ ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುತ್ತದೆ. ಈ ಮಿಡಿತಕ್ಕೆ ಪ್ರೇರಣೆ ನೀಡುವ ಸಹಜ ವಿದ್ಯುತ್ ವ್ಯವಸ್ಥೆಯು ವಯೋಮಾನದಿಂದಲೋ ರೋಗದಿಂದಲೋ ಶಿಥಿಲವಾದಾಗ, ಅದರ ಕಾರ್ಯವನ್ನು ವಹಿಸಿಕೊಳ್ಳಲು ವೈದ್ಯವಿಜ್ಞಾನವು ರೂಪಿಸಿದ ಉಪಕರಣವೇ ಪೇಸ್‌ಮೇಕರ್. ಇದನ್ನು ಅಳವಡಿಸಿಕೊಂಡ ಹಿರಿಯರು ನಮ್ಮ ಪರಿಚಯದ ಅನೇಕ ಮನೆಗಳಲ್ಲಿ ಇದ್ದಾರೆ. ಯಂತ್ರವನ್ನು ಇರಿಸುವ ವಿಚಾರವಾಗಿ ಜನರಲ್ಲಿ ಸಾಕಷ್ಟು ತಿಳಿವಳಿಕೆಯೂ ಬಂದಿದೆ. ಆದರೆ ಒಮ್ಮೆ ಇರಿಸಿದ ಯಂತ್ರವನ್ನು ಹೊರತೆಗೆಯಬೇಕಾದ ಪ್ರಸಂಗವೂ ಒದಗಬಹುದೆಂಬುದನ್ನು ಹೆಚ್ಚಿನವರು ಆಲೋಚಿಸಿರುವುದಿಲ್ಲ. ಅಂಥ ಪ್ರಸಂಗ ಬಂದಾಗ, ‘ಈ ವಯಸ್ಸಿನಲ್ಲಿ ಇನ್ನೊಂದು ಶಸ್ತ್ರಚಿಕಿತ್ಸೆ ಏಕೆ?’ ಎಂಬ ಕನಿಕರದ ಮಾತೇ ಕೆಲವೊಮ್ಮೆ ಪ್ರಾಣಕ್ಕೆ ಎರವಾಗುತ್ತದೆ.

ಯಂತ್ರದ ಪೂರ್ವೇತಿಹಾಸ

1958ರ ಅಕ್ಟೋಬರ್ 8ರಂದು ಸ್ವೀಡನ್ ದೇಶದ ಕ್ಯಾರೋಲಿನ್ಸ್ಕಾ ಆಸ್ಪತ್ರೆಯಲ್ಲಿ, ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಎಂಬ 43 ವರ್ಷದ ರೋಗಿಯ ದೇಹದೊಳಗೆ ಇರಿಸಿದರು. ಪೂರ್ಣವಾಗಿ ದೇಹದೊಳಗೇ ಇರುವ ಪೇಸ್‌ಮೇಕರಿನ ಮೊದಲ ಪ್ರಯೋಗ ಅದು. ಆ ಯಂತ್ರ ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು, ಇನ್ನೊಂದನ್ನು ಇರಿಸಬೇಕಾಯಿತು. ಮುಂದೆ ಲಾರ್ಸನ್ ತಮ್ಮ ಜೀವಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಾಯಿಸಿಕೊಂಡು, 2001ರಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ತಮ್ಮನ್ನು ಬದುಕಿಸಿದ ವೈದ್ಯರಿಗಿಂತಲೂ ಎಂಜಿನಿಯರಿಗಿಂತಲೂ ಹೆಚ್ಚು ಕಾಲ ಅವರು ಬಾಳಿದರು. ಯಂತ್ರವನ್ನು ಇರಿಸುವುದರ ಕಥೆಯೊಡನೆಯೇ ಅದನ್ನು ತೆಗೆಯುವುದರ ಕಥೆಯೂ ಆರಂಭವಾಯಿತೆಂಬುದಕ್ಕೆ ಇದೇ ನಿದರ್ಶನ.

1980ರ ಫೆಬ್ರವರಿಯಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಇನ್ನೊಂದು ಬಗೆಯ ಯಂತ್ರವನ್ನು ಮೊದಲ ಬಾರಿಗೆ ಮನುಷ್ಯನಲ್ಲಿ ಇರಿಸಲಾಯಿತು. ಮಿಷೆಲ್ ಮಿರೋವ್ಸ್ಕಿ ಅವರ ಪರಿಶ್ರಮದ ಫಲವಾದ ಈ ಡಿಫಿಬ್ರಿಲೇಟರ್, ಹೃದಯದ ಮಿಡಿತವು ಮಾರಕವಾಗಿ ಅಸ್ತವ್ಯಸ್ತವಾದಾಗ ಒಳಗಿನಿಂದಲೇ ವಿದ್ಯುದಾಘಾತ ನೀಡಿ ಅದನ್ನು ಸರಿಪಡಿಸುತ್ತದೆ.

ತೆಗೆಯುವುದು ಏಕೆ?

ಈ ಉಪಕರಣದಲ್ಲಿ ಎರಡು ಭಾಗಗಳಿವೆ. ಕೊರಳೆಲುಬಿನ ಕೆಳಗೆ ಚರ್ಮದಡಿಯಲ್ಲಿ ಇರುವ, ಬ್ಯಾಟರಿಯನ್ನೊಳಗೊಂಡ ಪೆಟ್ಟಿಗೆ ಒಂದು. ಅಲ್ಲಿಂದ ರಕ್ತನಾಳದ ಮೂಲಕ ಹೃದಯದ ಒಳಗೋಡೆಯನ್ನು ತಲುಪುವ ತಂತಿಗಳು ಇನ್ನೊಂದು. ಬ್ಯಾಟರಿಯ ಆಯುಷ್ಯ ಮುಗಿದಾಗ ಪೆಟ್ಟಿಗೆಯನ್ನಷ್ಟೇ ಬದಲಿಸುವುದು ಸಾಮಾನ್ಯವಾಗಿ ಚಿಕ್ಕ ಕೆಲಸ. ತಂತಿಯ ಸಂಗತಿ ಹಾಗಲ್ಲ. ವರ್ಷಗಳು ಕಳೆದಂತೆ ದೇಹವು ಅದರ ಸುತ್ತ ನಾರಿನಂಥ ಗಟ್ಟಿ ಪೊರೆಯನ್ನು ಬೆಳೆಸುತ್ತದೆ. ಹಳೆಯ ಆಲದ ಬೇರು ಗೋಡೆಯನ್ನು ಹಿಡಿದಂತೆ ತಂತಿಯು ರಕ್ತನಾಳವನ್ನೂ ಹೃದಯವನ್ನೂ ಹಿಡಿದುಕೊಳ್ಳುತ್ತದೆ. ಅದನ್ನು ಬಲವಂತವಾಗಿ ಎಳೆದರೆ ಗೋಡೆಯೇ ಹರಿಯುವ ಭಯ.

ಹಾಗಿದ್ದರೂ ತಂತಿಸಹಿತವಾಗಿ ಯಂತ್ರವನ್ನು ತೆಗೆಯಲೇಬೇಕಾದ ಮುಖ್ಯ ಕಾರಣವೆಂದರೆ ಸೋಂಕು. ಯಂತ್ರವಿರುವ ಜಾಗ ಕೆಂಪಾಗುವುದು, ಊದಿಕೊಳ್ಳುವುದು, ಕೀವು ಒಸರುವುದು, ಚರ್ಮ ತೆಳುವಾಗಿ ಪೆಟ್ಟಿಗೆಯ ಅಂಚು ಹೊರಗೆ ಕಾಣುವುದು, ಕಾರಣ ತಿಳಿಯದ ಜ್ವರ ಮರುಕಳಿಸುವುದು, ಇವು ಅದರ ಲಕ್ಷಣಗಳು. ವೃದ್ಧರಲ್ಲಿ ಜ್ವರ ತೀವ್ರವಾಗಿ ಕಾಣದೆ, ಬರಿಯ ನಿಶ್ಶಕ್ತಿ ಹಾಗೂ ಊಟ ಸೇರದಿರುವುದಷ್ಟೇ ಕಾಣಬಹುದು. ಲೋಹ ಮತ್ತು ರಬ್ಬರಿನಂಥ ವಸ್ತುಗಳ ಮೇಲೆ ಅಂಟಿಕೊಂಡ ರೋಗಾಣುಗಳು ತಮ್ಮ ಸುತ್ತ ಲೋಳೆಯ ಕವಚವನ್ನು ನಿರ್ಮಿಸಿಕೊಳ್ಳುವುದರಿಂದ ಔಷಧಿಯು ಅವುಗಳನ್ನು ಪೂರ್ಣವಾಗಿ ನಾಶಪಡಿಸಲಾರದು. ಆ್ಯಂಟಿಬಯಾಟಿಕ್ ಕೊಟ್ಟಾಗ ಗಾಯ ಒಣಗಿದಂತೆ ಕಂಡು, ಕೆಲವು ವಾರಗಳ ಮೇಲೆ ಮತ್ತೆ ಒಡೆಯುವುದು ಇದೇ ಕಾರಣದಿಂದ. ಸಾಲ, ಬೆಂಕಿ, ರೋಗ ಇವುಗಳ ಶೇಷವನ್ನು ಉಳಿಸಬಾರದೆಂದು ಹಿರಿಯರು ಹೇಳುತ್ತಾ ಬಂದಿರುವ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಊತವಿರುವ ಜಾಗಕ್ಕೆ ಸೂಜಿ ಚುಚ್ಚಿ ದ್ರವ ತೆಗೆಯುವುದೂ ತಪ್ಪು. ಇಲ್ಲದ ಸೋಂಕನ್ನು ಅದು ಒಳಗೆ ಕಳುಹಿಸಬಹುದು.

ವಯಸ್ಸು ಅಡ್ಡಿಯೇ?

ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಡಿ ಬರುವ, ಯಂತ್ರ ಧರಿಸಿದ ಹತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಇತ್ತೀಚಿನ ವರ್ಷಗಳಲ್ಲಿ ಪ್ರಕಟವಾಯಿತು. ಇವರಲ್ಲಿ ಬಹುಪಾಲು ವೃದ್ಧರು. ಸೋಂಕು ತಗಲಿದ ಹನ್ನೊಂದು ಸಾವಿರಕ್ಕೂ ಅಧಿಕ ರೋಗಿಗಳಲ್ಲಿ, 30 ದಿನಗಳೊಳಗೆ ಯಂತ್ರವನ್ನು ತೆಗೆಸಿಕೊಂಡವರು ಐವರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ತೆಗೆಸಿಕೊಂಡವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. ಮೊದಲ ಆರು ದಿನಗಳೊಳಗೆ ತೆಗೆಸಿಕೊಂಡವರಲ್ಲಿ ಅದು ಮತ್ತಷ್ಟು ಕಡಿಮೆಯಾಗಿತ್ತು. ವಿಳಂಬವೇ ಇಲ್ಲಿ ದೊಡ್ಡ ಶತ್ರುವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಿಂದೆ ತಂತಿ ತೆಗೆಯಲು ಎದೆಯನ್ನು ತೆರೆಯಬೇಕಾಗುತ್ತಿದ್ದ ಸಂದರ್ಭಗಳು ಹೆಚ್ಚು. ಈಗ ಬಹುಮಟ್ಟಿಗೆ ರಕ್ತನಾಳದ ಮಾರ್ಗವಾಗಿಯೇ ಈ ಕೆಲಸ ನಡೆಯುತ್ತದೆ. ತಂತಿಯೊಳಗೆ ಸೂಕ್ಷ್ಮವಾದ ಕಡ್ಡಿಯೊಂದನ್ನು ತೂರಿಸಿ ಬಿಗಿಮಾಡಿ, ತಂತಿಯ ಮೇಲಿಂದ ಕೊಳವೆಯೊಂದನ್ನು ಸರಿಸುತ್ತಾ ಹೋಗುತ್ತಾರೆ. ಕೊಳವೆಯ ತುದಿಯಲ್ಲಿನ ಲೇಸರ್ ಕಿರಣವೋ ತಿರುಗುವ ಅಂಚೋ ಪೊರೆಯನ್ನು ಬಿಡಿಸುತ್ತದೆ. 2010ರಲ್ಲಿ ಪ್ರಕಟವಾದ, ಲೇಸರ್ ವಿಧಾನದಿಂದ ಚಿಕಿತ್ಸೆ ಪಡೆದ 1,449 ರೋಗಿಗಳ ಅಧ್ಯಯನದಲ್ಲಿ ನೂರಕ್ಕೆ 96.5ರಷ್ಟು ತಂತಿಗಳು ಪೂರ್ಣವಾಗಿ ಹೊರಬಂದವು. ಯೂರೋಪಿನ 3,500ಕ್ಕೂ ಹೆಚ್ಚು ರೋಗಿಗಳ ದಾಖಲೆ 2017ರಲ್ಲಿ ಪ್ರಕಟವಾದಾಗ, ಚಿಕಿತ್ಸೆಗೆ ಸಂಬಂಧಿಸಿದ ಗಂಭೀರ ತೊಡಕುಗಳು ನೂರಕ್ಕೆ 1.7ರಷ್ಟಿದ್ದವು.

ಎಂಬತ್ತು ದಾಟಿದವರಲ್ಲಿಯೂ ಅನುಭವಿ ಕೇಂದ್ರಗಳಲ್ಲಿ ಯಶಸ್ಸಿನ ಪ್ರಮಾಣ ಕಿರಿಯರಿಗಿಂತ ಹೆಚ್ಚು ಭಿನ್ನವಾಗಿಲ್ಲವೆಂದು ಇಟಲಿ ಹಾಗೂ ಅಮೆರಿಕದ ವೈದ್ಯರು ವರದಿ ಮಾಡಿದ್ದಾರೆ. ಆದುದರಿಂದ ವೈದ್ಯರು ಲೆಕ್ಕ ಹಾಕುವುದು ಬರಿಯ ವಯಸ್ಸನ್ನಲ್ಲ. ತಂತಿಯು ಎಷ್ಟು ವರ್ಷದಿಂದ ಒಳಗಿದೆ, ಮೂತ್ರಪಿಂಡಗಳ ಸ್ಥಿತಿ ಹೇಗಿದೆ, ರಕ್ತಹೀನತೆ ಇದೆಯೇ, ರೋಗಿಯು ಎಷ್ಟು ಕೃಶನಾಗಿದ್ದಾನೆ ಎಂಬುದನ್ನು ನೋಡುತ್ತಾರೆ. ತಂತಿಯು ಹತ್ತು ವರ್ಷಗಳಿಗಿಂತ ಹಳೆಯದಾಗಿದ್ದರೆ ಅಪಾಯ ಹೆಚ್ಚು. ಹೃದಯಕ್ಕೆ ಮರಳುವ ಮಹಾಸಿರೆಯು ಹರಿದರೆ ನಿಮಿಷಗಳಲ್ಲಿ ಎದೆಯನ್ನು ತೆರೆಯಬೇಕಾಗುವುದರಿಂದ, ಹೃದಯ ಶಸ್ತ್ರವೈದ್ಯರು ಸನ್ನದ್ಧರಾಗಿರುವ ಆಸ್ಪತ್ರೆಯಲ್ಲಿಯೇ ಇದನ್ನು ಮಾಡಿಸತಕ್ಕದ್ದು. ‘ಇಲ್ಲಿ ವರ್ಷಕ್ಕೆ ಎಷ್ಟು ಮಂದಿಗೆ ಈ ಚಿಕಿತ್ಸೆ ಮಾಡುತ್ತೀರಿ?’ ಎಂದು ಕೇಳುವುದು ಅವಿನಯವಲ್ಲ, ಕುಟುಂಬದವರ ಹಕ್ಕು.

ಯಂತ್ರ ತೆಗೆದ ಮೇಲೆ ಹೊಸದನ್ನು ಅದೇ ದಿನ ಇರಿಸುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ರೋಗಾಣುಗಳಿಲ್ಲವೆಂದು ಖಚಿತವಾದ ನಂತರ, ಎದೆಯ ಇನ್ನೊಂದು ಪಕ್ಕದಲ್ಲಿ ಇರಿಸುತ್ತಾರೆ. ಅಲ್ಲಿಯವರೆಗೆ ಅಗತ್ಯವುಳ್ಳವರಿಗೆ ತಾತ್ಕಾಲಿಕ ಪೇಸ್‌ಮೇಕರ್ ಆಸರೆಯಾಗುತ್ತದೆ. ಕೆಲವರಿಗೆ ಮತ್ತೆ ಯಂತ್ರದ ಅಗತ್ಯವೇ ಇಲ್ಲವೆಂದು ಆಗ ಕಂಡುಬರುವುದೂ ಉಂಟು.

ತೆಗೆಯದಿರುವುದೇ ಲೇಸಾದಾಗ

ಸೋಂಕಿಲ್ಲದೆ, ಕೇವಲ ಕೆಟ್ಟುಹೋಗಿ ನಿರುಪಯುಕ್ತವಾದ ತಂತಿಯನ್ನು ಅತಿ ವೃದ್ಧರಲ್ಲಿ ಹಾಗೆಯೇ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಸೇರಿಸುವುದು ವಿವೇಕವಾಗಬಹುದು. ಇನ್ನು ಗುಣವಾಗದ ಕಾಯಿಲೆಯ ಕೊನೆಯ ಘಟ್ಟದಲ್ಲಿರುವ ಡಿಫಿಬ್ರಿಲೇಟರ್‌ಧಾರಿಯ ಪ್ರಶ್ನೆ ಬೇರೆಯೇ. ಪ್ರಾಣ ಹೋಗುವ ಹೊತ್ತಿನಲ್ಲಿ ಯಂತ್ರವು ಮೇಲಿಂದ ಮೇಲೆ ವಿದ್ಯುದಾಘಾತ ನೀಡಿದರೆ ಸಾಯುವವನಿಗೂ ನೋಡುವವರಿಗೂ ಯಾತನೆ. ಇದಕ್ಕೆ ಶಸ್ತ್ರಕ್ರಿಯೆ ಬೇಡ. ಹೊರಗಿನಿಂದಲೇ ಆಘಾತ ನೀಡುವ ಕಾರ್ಯವನ್ನು ಸ್ಥಗಿತಗೊಳಿಸಬಹುದು. ರೋಗಿಯು ಮಾತನಾಡಬಲ್ಲವನಾಗಿರುವಾಗಲೇ ಅವನ ಇಚ್ಛೆಯನ್ನು ಕೇಳಿ ವೈದ್ಯರಿಗೆ ತಿಳಿಸಿರುವುದು ಉಚಿತ.

ಅಂತ್ಯಸಂಸ್ಕಾರಕ್ಕೆ ಮುನ್ನ

ಹೇಳಲು ಅಪ್ರಿಯವಾದರೂ ಹೇಳಲೇಬೇಕಾದ ವಿಷಯ ಇನ್ನೊಂದಿದೆ. ಪೇಸ್‌ಮೇಕರಿನ ಬ್ಯಾಟರಿಯು ಚಿತಾಗ್ನಿಯ ಶಾಖಕ್ಕೆ ಸಿಡಿಯುತ್ತದೆ. 1976ರಲ್ಲಿ ಇಂಗ್ಲೆಂಡಿನ ಸೋಲಿಹಲ್ ಪಟ್ಟಣದ ಚಿತಾಗಾರದಲ್ಲಿ ಇಂಥ ಸ್ಫೋಟವಾದಂದಿನಿಂದ, ದಹನಕ್ಕೆ ಮುಂಚೆ ಯಂತ್ರ ತೆಗೆಯುವುದನ್ನು ಅಲ್ಲಿ ಕಡ್ಡಾಯವಾಗಿ ಪಾಲಿಸುತ್ತಾರೆ. ದಹನಸಂಸ್ಕಾರವೇ ರೂಢಿಯಾಗಿರುವ ನಮ್ಮಲ್ಲಿ ಇದು ಇನ್ನೂ ಮುಖ್ಯ. ವಿದ್ಯುತ್ ಚಿತಾಗಾರವಾಗಲಿ, ಕಟ್ಟಿಗೆಯ ಚಿತೆಯಾಗಲಿ, ಹತ್ತಿರ ನಿಂತವರಿಗೆ ಅಪಾಯವಿದೆ. ಮರಣಾನಂತರ ಪೆಟ್ಟಿಗೆಯನ್ನು ತೆಗೆಯುವುದು ಚಿಕ್ಕ ಗಾಯದ, ಕೆಲವೇ ನಿಮಿಷಗಳ ಕೆಲಸ. ಆದರೆ ಡಿಫಿಬ್ರಿಲೇಟರನ್ನು ಮೊದಲು ನಿಷ್ಕ್ರಿಯಗೊಳಿಸದೆ ಮುಟ್ಟಬಾರದು. ತೆಗೆಯುವವರ ಕೈಗೇ ಆಘಾತ ತಗಲಬಹುದು.

ಹೀಗೆ ತೆಗೆದ ಯಂತ್ರವು ವ್ಯರ್ಥವಾಗಬೇಕೆಂದೇನಿಲ್ಲ. ಅಮೆರಿಕದಲ್ಲಿ ತೆಗೆದ ಡಿಫಿಬ್ರಿಲೇಟರುಗಳನ್ನು ಶುದ್ಧೀಕರಿಸಿ, ಕೊಳ್ಳಲು ಶಕ್ತಿಯಿಲ್ಲದ 81 ರೋಗಿಗಳಿಗೆ ಮುಂಬಯಿಯಲ್ಲಿ ಅಳವಡಿಸಿದ ವೃತ್ತಾಂತವು 2012ರಲ್ಲಿ ಪ್ರಕಟವಾಯಿತು. ಯಾರಲ್ಲಿಯೂ ಸೋಂಕು ಕಾಣಿಸಲಿಲ್ಲ. ತಯಾರಕರು ಒಂದೇ ಬಾರಿಯ ಬಳಕೆಗೆಂದು ಇವನ್ನು ಮಾರುವುದರಿಂದ ನಿಯಮಗಳನ್ನು ವಿಚಾರಿಸಿಯೇ ಮುಂದುವರಿಯಬೇಕಾದರೂ, ಮರಣದಲ್ಲಿಯೂ ಉಪಕಾರಕ್ಕೆ ಅವಕಾಶವಿದೆಯೆಂಬುದು ಸಮಾಧಾನದ ಸಂಗತಿ.

ಕುಟುಂಬದವರ ಕರ್ತವ್ಯ

ತಂದೆತಾಯಿಗಳು ಊರಿನಲ್ಲಿ, ಮಕ್ಕಳು ದೂರದ ನಗರದಲ್ಲಿ ಇರುವುದು ಹೊರನಾಡ ಕನ್ನಡಿಗರಲ್ಲಿ ಸಾಮಾನ್ಯ. ಯಂತ್ರ ಅಳವಡಿಸಿದಾಗ ಆಸ್ಪತ್ರೆಯವರು ಕೊಡುವ ಗುರುತಿನ ಚೀಟಿಯಲ್ಲಿ ಯಂತ್ರದ ಹೆಸರು, ಮಾದರಿ, ತಂತಿಗಳ ವಿವರ, ಅಳವಡಿಸಿದ ದಿನಾಂಕ ಎಲ್ಲವೂ ಇರುತ್ತವೆ. ಬ್ಯಾಂಕಿನ ಪಾಸುಪುಸ್ತಕದಂತೆ ಅದನ್ನು ಜೋಪಾನಮಾಡಿ, ಪ್ರತಿಯೊಂದನ್ನು ಮಕ್ಕಳ ಬಳಿಯೂ ಇರಿಸತಕ್ಕದ್ದು. ಊರಿಗೆ ಹೋದಾಗ ಹಿರಿಯರ ಎದೆಯ ಮೇಲಿನ ಆ ಗಾಯದ ಗುರುತನ್ನು ಒಮ್ಮೆ ಬೆಳಕಿನಲ್ಲಿ ನೋಡಬೇಕು. ಮಕ್ಕಳಿಗೆ ತೊಂದರೆಯಾದೀತೆಂದು ನೋವನ್ನು ಮುಚ್ಚಿಡುವುದು ನಮ್ಮ ಹಿರಿಯರ ಸ್ವಭಾವ. ಅವರು ಹೇಳುವವರೆಗೆ ಕಾಯದೆ ತಾವಾಗಿಯೇ ಕೇಳಿ ತಿಳಿಯುವುದು, ಸಕಾಲದಲ್ಲಿ ತಜ್ಞರ ಬಳಿಗೆ ಕರೆದೊಯ್ಯುವುದು ಮಕ್ಕಳ ಕರ್ತವ್ಯ.