ಪುರುಷರೂ ರೂಪಚಿಕಿತ್ಸೆಯೂ

1794ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯು ಎತ್ತು ಹೊಡೆಯುವ ಒಬ್ಬ ಸಾಮಾನ್ಯನ ಮುಖಚಿತ್ರವನ್ನು ಅಚ್ಚುಹಾಕಿತು. ಕೌಸಜಿ ಎಂಬ ಆ ಮರಾಠಿಗನು ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನೊಡನಿದ್ದು, ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡವನೆಂದು ಆ ವರದಿ ಹೇಳುತ್ತದೆ. ವರುಷ ಕಳೆದ ಮೇಲೆ ಇಟ್ಟಿಗೆ ಮಾಡುವ ಕುಲದ ಒಬ್ಬ ಶಸ್ತ್ರವಿದನು ಪುಣೆಯ ಸಮೀಪದಲ್ಲಿ ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು: ಮೇಣದಿಂದ ಮೂಗಿನ ಅಳತೆ ತೆಗೆದು, ಆ ಮೇಣವನ್ನು ಹಣೆಯ ಮೇಲೆ ಹರಡಿ ಗೆರೆಯೆಳೆದು, ಗೆರೆಯೊಳಗಿನ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಕಿರಿದಾದ ತೊಟ್ಟನ್ನು ಮಾತ್ರ ಉಳಿಸಿಕೊಂಡು ಅದನ್ನು ಕೆಳಕ್ಕೆ ತಿರುಚಿ ಗಾಯದಂಚಿಗೆ ಕೂಡಿಸಿ, ಮೇಲೆ ಕಾಚಿನ ಲೇಪವಿಟ್ಟು, ನಾಲ್ಕು ದಿನಗಳ ತರುವಾಯ ತುಪ್ಪದಲ್ಲಿ ಅದ್ದಿದ ಬಟ್ಟೆ ಕಟ್ಟಿ, ಸುಮಾರು 25ನೆಯ ದಿನ ಆ ತೊಟ್ಟನ್ನು ಕತ್ತರಿಸಿಬಿಟ್ಟನು. ಸುಶ್ರುತಸಂಹಿತೆಯಲ್ಲಿ ಇದೇ ಕಾರ್ಯವು ಎಲೆಯ ಅಳತೆಯಿಂದಲೂ ಕೆನ್ನೆಯ ಚರ್ಮದಿಂದಲೂ ನಡೆಯುತ್ತದೆ. ಈ ಭಾರತೀಯ ವಿಧಾನವನ್ನು ಅಭ್ಯಾಸಮಾಡಿದ ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ನಿನ ವೈದ್ಯನು, 1814ರಲ್ಲಿ ಮೊದಲ್ಗೊಂಡು ಇಬ್ಬರು ಸೇನಾಧಿಕಾರಿಗಳ ಮೂಗುಗಳನ್ನು ಸರಿಪಡಿಸಿ, 1816ರಲ್ಲಿ ಅದರ ವೃತ್ತಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಒಂದನೆಯ ಮಹಾಯುದ್ಧದಲ್ಲಿ ಹೆರಾಲ್ಡ್ ಗಿಲ್ಲೀಸ್ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ನಡೆಸಿದ ಆಸ್ಪತ್ರೆಯಲ್ಲಿ, ಸಿಡಿಗುಂಡಿನಿಂದ ದವಡೆಯೋ ಕೆನ್ನೆಯೋ ಹಾರಿಹೋದ ಸಾವಿರಾರು ಸೈನಿಕರು ಮತ್ತೆ ಮುಖವುಳ್ಳವರಾದರು.

ಈ ವಿದ್ಯೆಯ ಆದಿಪರ್ವದ ರೋಗಿಗಳು ಬಹುಮಟ್ಟಿಗೆ ಗಂಡಸರೇ ಆಗಿದ್ದರೆಂಬುದನ್ನು ನಾವು ಮರೆತಿದ್ದೇವೆ. ಯುದ್ಧದಲ್ಲಿ ಕೆಟ್ಟ ರೂಪವನ್ನು ಸರಿಪಡಿಸಿಕೊಳ್ಳುವುದು ಮಾನದ ಪ್ರಶ್ನೆಯಾಗಿದ್ದುದರಿಂದ ಆ ಗಂಡಸನ್ನು ಕಂಡು ಯಾರೂ ನಗಲಿಲ್ಲ; ವಯಸ್ಸಿನಿಂದಲೋ ಹುಟ್ಟಿನಿಂದಲೋ ಬಂದ ಕೊರತೆಗೆ ಚಿಕಿತ್ಸೆ ಬಯಸುವವನನ್ನು ಮಾತ್ರ ನಮ್ಮ ಸಮಾಜ, ‘ಗಂಡಸಿಗೇಕೆ ಈ ಶೋಕಿ’ ಎಂದು ಕೆಣಕುತ್ತದೆ. ಕೆಣಕಿಗೆ ಅಂಜಿದವನು ಮನೆಯವರಿಗೂ ಹೇಳದೆ, ಪರಿಚಿತ ವೈದ್ಯನನ್ನೂ ಕೇಳದೆ, ಜಾಹೀರಾತಿನ ಫಲಕವೊಂದನ್ನೇ ನಂಬಿ ಯಾವನೋ ಒಬ್ಬನ ಕತ್ತರಿಗೆ ತಲೆಯೊಡ್ಡುತ್ತಾನೆ. ಈ ಚಿಕಿತ್ಸೆಗಳ ಅಪಾಯಗಳಲ್ಲಿ ಅರ್ಧದಷ್ಟು ಈ ಗುಟ್ಟಿನಿಂದಲೇ ಹುಟ್ಟಿದವೆಂದು ನನ್ನ ಅಭಿಪ್ರಾಯ.

ತಲೆಗೂದಲಿನ ವಿಚಾರವನ್ನೇ ನೋಡೋಣ. ಪುರುಷರ ಬೋಳುತನಕ್ಕೆ ಮೂಲವು ಎಣ್ಣೆಯ ಅಭಾವವೂ ಅಲ್ಲ, ಬೋರ್‌ವೆಲ್ಲಿನ ಗಡುಸು ನೀರೂ ಅಲ್ಲ. ದೇಹದಲ್ಲಿರುವ ಟೆಸ್ಟೋಸ್ಟಿರಾನ್ ಎಂಬ ಪುರುಷರಸವು ಡೈಹೈಡ್ರೊಟೆಸ್ಟೋಸ್ಟಿರಾನ್ ಆಗಿ ಮಾರ್ಪಟ್ಟು, ವಂಶಪಾರಂಪರ್ಯವಾಗಿ ಅದಕ್ಕೆ ಮಣಿಯುವ ಗುಣವುಳ್ಳ ನೆತ್ತಿಯ ಮತ್ತು ಮುಂದಲೆಯ ಕೂದಲಿನ ಬುಡಗಳನ್ನು ಕ್ರಮೇಣ ಕುಗ್ಗಿಸುತ್ತದೆ. ಹಿಂದಲೆಯ ಕೂದಲಾದರೋ ಅದಕ್ಕೆ ಜಗ್ಗುವುದಿಲ್ಲ. ವೃಷಣಗಳನ್ನು ಕಳೆದುಕೊಂಡ ಪುರುಷರಲ್ಲಿ ಬೋಳುತನ ಬೆಳೆಯದೆಂಬುದನ್ನು ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿಕೊಟ್ಟನು. ಹಿಂದಲೆಯಿಂದ ತೆಗೆದ ಕೂದಲನ್ನು ಬೋಳಾದ ನೆತ್ತಿಯಲ್ಲಿ ನೆಟ್ಟರೂ ಅದು ತನ್ನ ತವರಿನ ಸ್ವಭಾವವನ್ನೇ ಉಳಿಸಿಕೊಳ್ಳುತ್ತದೆಂಬ ತತ್ತ್ವವನ್ನು ನ್ಯೂಯಾರ್ಕಿನ ನಾರ್ಮನ್ ಓರೆನ್‌ಟ್ರೈಕ್ 1959ರಲ್ಲಿ ಪ್ರತಿಪಾದಿಸಿದನು. ಇಂದಿನ ಕೇಶಕಸಿಯೆಲ್ಲವೂ ಈ ತತ್ತ್ವದ ಮೇಲೆ ನಿಂತಿದೆ.

ಸಸಿಮಡಿಯಿಂದ ಭತ್ತದ ಪೈರನ್ನು ಕಿತ್ತು ಗದ್ದೆಯಲ್ಲಿ ನಾಟಿ ಮಾಡುವ ಕ್ರಮವನ್ನು ಬಲ್ಲ ನಮ್ಮವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಒಂದರಿಂದ ನಾಲ್ಕು ಎಳೆಗಳುಳ್ಳ ಬುಡಗಳನ್ನು ಒಂದೊಂದಾಗಿ ಕೊರೆದು ತೆಗೆದೋ, ಹಿಂದಲೆಯ ಚರ್ಮದ ಒಂದು ಪಟ್ಟಿಯನ್ನೇ ಕತ್ತರಿಸಿ ಅದರಿಂದ ಬಿಡಿಸಿಯೋ, ಸ್ಥಳೀಯ ಅರಿವಳಿಕೆಯಲ್ಲಿ ಹಲವು ತಾಸುಗಳ ಕಾಲ ನೆಡುತ್ತಾರೆ. ನೆಟ್ಟ ಕೂದಲು ಕೆಲವು ವಾರಗಳಲ್ಲಿ ಉದುರುತ್ತದೆ. ಮೋಸಹೋದೆನೆಂದು ಆಗ ಎದೆಗುಂದಬೇಕಾಗಿಲ್ಲ, ಏಕೆಂದರೆ ಮೂರು ನಾಲ್ಕು ತಿಂಗಳಿಗೆ ಅದು ಮರಳಿ ಚಿಗುರುವುದು, ಪೂರ್ಣಫಲ ಕಾಣಲು ಸುಮಾರು ಒಂದು ವರುಷ ಬೇಕು. ಆದರೆ ಮಡಿಯಲ್ಲಿ ಮತ್ತೆ ಬೀಜ ಚೆಲ್ಲಬಹುದು, ಹಿಂದಲೆಯಲ್ಲಿ ಚೆಲ್ಲಲಾಗದು. ಅಲ್ಲಿಂದ ತೆಗೆದ ಬುಡ ಅಲ್ಲಿ ಮರಳಿ ಹುಟ್ಟದಾದ್ದರಿಂದ, 22 ವರುಷದ ತರುಣನು ತನ್ನ ಬೋಳುತನ ಎಲ್ಲಿಗೆ ನಿಲ್ಲುವುದೆಂದು ತಿಳಿಯುವ ಮೊದಲೇ ಇದ್ದ ಬಂಡವಾಳವನ್ನೆಲ್ಲ ಮುಂದಲೆಗೆ ಸುರಿದರೆ, 40ರ ಹೊತ್ತಿಗೆ ಮುಂದೆ ಒಂದು ದಟ್ಟ ಗೆರೆಯೂ ಅದರ ಹಿಂದೆ ಬಯಲೂ ಉಳಿದಾವು. ಒಳ್ಳೆಯ ವೈದ್ಯನು ಇಂಥವನಿಗೆ ಮೊದಲು ಮಿನಾಕ್ಸಿಡಿಲ್, ಫಿನಾಸ್ಟರೈಡ್ ಮುಂತಾದ ಔಷಧಗಳನ್ನೇ ಹೇಳುತ್ತಾನೆ. ಅವುಗಳನ್ನು ನಿಲ್ಲಿಸಿದರೆ ಲಾಭವೂ ನಿಲ್ಲುವುದೆಂಬುದನ್ನೂ, ಎರಡನೆಯದು ಕೆಲವರಲ್ಲಿ ಕಾಮೇಚ್ಛೆಯನ್ನು ತಗ್ಗಿಸುವುದೆಂಬುದನ್ನೂ ಮರೆಮಾಚುವುದಿಲ್ಲ.

ಇದಕ್ಕಿಂತಲೂ ಮೌನವಾಗಿ ಅನುಭವಿಸುವ ಕೊರತೆಯೊಂದುಂಟು. ಧರ್ಮಸ್ಥಳದಲ್ಲಾಗಲಿ ಉಡುಪಿಯ ಕೃಷ್ಣಮಠದಲ್ಲಾಗಲಿ ಅಂಗಿ ಕಳಚಿ ದೇವರ ಮುಂದೆ ನಿಲ್ಲಬೇಕಾದಾಗ, ಕೈಗಳನ್ನು ಎದೆಗೆ ಕಟ್ಟಿಕೊಂಡೇ ಸಾಲಿನಲ್ಲಿ ಸಾಗುವ ಹುಡುಗರಲ್ಲಿ ಕೆಲವರಿಗಾದರೂ ಅದು ಭಕ್ತಿಯಲ್ಲ, ಎದೆ ಹೆಣ್ಣಿನಂತೆ ಉಬ್ಬಿದೆಯೆಂಬ ನಾಚಿಕೆ. ಗೈನೆಕೊಮಾಸ್ಟಿಯ ಎಂಬ ಈ ಸ್ಥಿತಿಗೆ ಏಳನೆಯ ಶತಮಾನದಲ್ಲಿಯೇ ಈಜಿನದ ಪೌಲನೆಂಬ ಗ್ರೀಕ್ ವೈದ್ಯನು ಶಸ್ತ್ರಕ್ರಿಯೆಯನ್ನು ವರ್ಣಿಸಿದ್ದಾನೆ. ಪ್ರಾಯಕ್ಕೆ ಬರುವಾಗ ರಸಗಳ ಏರುಪೇರಿನಿಂದ ಹುಟ್ಟುವ ಈ ಉಬ್ಬು ಬಹುಮಂದಿಯಲ್ಲಿ ಒಂದೆರಡು ವರುಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯದಿದ್ದರೆ ಕೊಬ್ಬನ್ನು ನಳಿಕೆಯಿಂದ ಹೀರಿ, ಮೊಲೆತೊಟ್ಟಿನ ಸುತ್ತಣ ಕಪ್ಪಂಚಿನಲ್ಲಿ ಚಿಕ್ಕ ಸೀಳು ಮಾಡಿ ಗ್ರಂಥಿಯನ್ನು ತೆಗೆಯುತ್ತಾರೆ. ವ್ಯಾಯಾಮದಿಂದ ಕೊಬ್ಬು ಕರಗಬಹುದೇ ಹೊರತು ಗ್ರಂಥಿ ಕರಗದು. ವ್ಯಾಯಾಮಶಾಲೆಯಲ್ಲಿ ಗುಟ್ಟಾಗಿ ಮಾರುವ ಸ್ಟಿರಾಯ್ಡುಗಳಂತೂ ಈ ವ್ಯಾಧಿಯನ್ನು ತಂದುಕೊಡುವುದೂ ಉಂಟು. ಯಕೃತ್ತಿನ ರೋಗ, ಕೆಲವು ಔಷಧಗಳು ಸಹ ಕಾರಣವಾಗುವುದರಿಂದ ಶಸ್ತ್ರಕ್ಕೆ ಮೊದಲು ರಕ್ತಪರೀಕ್ಷೆ ಅವಶ್ಯ. ವಯಸ್ಕನ ಎದೆಯಲ್ಲಿ ಒಂದೇ ಕಡೆ ಗಟ್ಟಿಯಾದ ಗಂಟು ಕಂಡರೆ ಅದು ರೂಪದ ಪ್ರಶ್ನೆಯೇ ಅಲ್ಲ. ಸ್ತನದ ಅರ್ಬುದ ಗಂಡಸರಿಗೂ ಬರುತ್ತದೆ.

ಹಣೆಯ ನೆರಿಗೆಗೆ ಚುಚ್ಚುವ ಬೊಟಾಕ್ಸಿನ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ: ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಜೀವಾಣುವಿನ ಘೋರವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸಿ ಸ್ನಾಯುವನ್ನು ಸಡಿಲಿಸುವ ಈ ಉಪಾಯದ ಪರಿಣಾಮ ಮೂರು ನಾಲ್ಕು ತಿಂಗಳು ಮಾತ್ರ, ಗಂಡಸರ ಸ್ನಾಯು ದಪ್ಪವಾದ್ದರಿಂದ ಪ್ರಮಾಣವೂ ಖರ್ಚೂ ತುಸು ಹೆಚ್ಚು.

ಇನ್ನು ಕೆಲವರಿಗೆ ಯಾವ ಶಸ್ತ್ರವೂ ಪ್ರಯೋಜನಕ್ಕೆ ಬಾರದು. ಪರರ ಕಣ್ಣಿಗೆ ಕಾಣದ ಕುಂದೊಂದು ತನ್ನ ಮುಖದಲ್ಲಿದೆಯೆಂದು ದಿನವಿಡೀ ಕನ್ನಡಿಯ ಮುಂದೆ ಕೊರಗುವ ಮನೋವ್ಯಾಧಿಯನ್ನು ಇಟಲಿಯ ಎನ್ರಿಕೊ ಮೊರ್ಸೆಲ್ಲಿ 1891ರಲ್ಲಿಯೇ ಗುರುತಿಸಿದನು. ಇಂಥವರಿಗೆ ಒಂದು ಕುಂದನ್ನು ತಿದ್ದಿದರೆ ಇನ್ನೊಂದು ಹುಟ್ಟುವುದು. ಇವರು ಹೋಗಬೇಕಾದುದು ಮಾನಸಿಕ ತಜ್ಞರ ಬಳಿಗೆ.

2016ರಲ್ಲಿ ಚೆನ್ನೈಯಲ್ಲಿ ಕೂದಲು ನಾಟಿ ಮಾಡಿಸಿಕೊಳ್ಳಹೋದ ವೈದ್ಯವಿದ್ಯಾರ್ಥಿಯೊಬ್ಬನೇ ಪ್ರಾಣ ಕಳೆದುಕೊಂಡನೆಂದ ಮೇಲೆ, ಏನೂ ತಿಳಿಯದ ಸಾಮಾನ್ಯನ ಪಾಡೇನು! 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಕಾರ್ಯಾಗಾರದಲ್ಲಿ ನೋಡಿ ಕಲಿತದ್ದಾಗಲಿ ಯೂಟ್ಯೂಬಿನಲ್ಲಿ ಕಂಡದ್ದಾಗಲಿ ಈ ಶಸ್ತ್ರಕ್ರಿಯೆಗೆ ಸಾಕಾದ ತರಬೇತಿಯಲ್ಲವೆಂದು ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ, ಚಿಕಿತ್ಸೆ ಬೇಕೆಂದು ನಿಶ್ಚಯಿಸಿದ ಓದುಗರು ಮುಂಗಡ ಕೊಡುವ ಮೊದಲು ಮನೆಯವರಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಶಸ್ತ್ರ ಹಿಡಿಯುವವರು ಖುದ್ದಾಗಿ ಯಾರು, ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಅವರ ಪದವಿಯೇನು, ತುರ್ತು ಒದಗಿದರೆ ಅಲ್ಲಿ ವ್ಯವಸ್ಥೆಯೇನು ಎಂದು ಕೇಳಿ, ವೈದ್ಯರ ನೋಂದಣಿ ಸಂಖ್ಯೆಯನ್ನು ಬರೆಸಿಕೊಂಡು, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಅದನ್ನು ತಾಳೆನೋಡಬೇಕು. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಸ್ಥಳದಿಂದ ಆ ಕ್ಷಣವೇ ಎದ್ದು ಬರಬೇಕು.