ಅರ್ಧ ಗ್ರಾಂ ಉಳಿಸುವ ಲೆಕ್ಕ

ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ನ್ಯೂಟ್ರಿಯೆಂಟ್ ಅಗಾರ್ ಡಬ್ಬಿಯ ಮೇಲಿನ ಅಳತೆ ಲೀಟರ್ ನೀರಿಗೆ 28 ಗ್ರಾಂ. ಅದರಲ್ಲಿ 15 ಗ್ರಾಂ ಬರೀ ಅಗಾರ್, ಅಂದರೆ ಕಡಲಪಾಚಿಯಿಂದ ತೆಗೆದ ಅಂಟು. ಉಪ್ಪು 5 ಗ್ರಾಂ. ಬ್ಯಾಕ್ಟೀರಿಯಾಕ್ಕೆ ನಿಜವಾದ ಆಹಾರ ಪೆಪ್ಟೋನ್ 5 ಗ್ರಾಂ, ಮಾಂಸದ ಸಾರ ಮತ್ತು ಯೀಸ್ಟ್ ಸಾರ ತಲಾ ಒಂದೂವರೆ ಗ್ರಾಂ, ಒಟ್ಟು 8. ಕೂರಲು ಹಾಸುವ ಚಾಪೆಯೇ ಊಟಕ್ಕಿಂತ ಹೆಚ್ಚು ತೂಗುತ್ತದೆ.

ಆದರೂ ಅದನ್ನು ಬಿಡುವಂತಿಲ್ಲ. ಮೊದಲು ಬಳಸುತ್ತಿದ್ದ ಜೆಲಟಿನ್, ಬ್ಯಾಕ್ಟೀರಿಯಾ ಬೆಳೆಸುವ 37 ಡಿಗ್ರಿಯಲ್ಲಿ ಕರಗಿ ನೀರಾಗುತ್ತಿತ್ತು. ಅಗಾರ್ ಬಳಸಿ ಎಂದು 1881ರಲ್ಲಿ ಸೂಚಿಸಿದವರು ಜರ್ಮನಿಯಲ್ಲಿದ್ದ ಫ್ಯಾನಿ ಹೆಸ್ಸೆ. ಅದು ಕರಗಲು ಸುಮಾರು 85 ಡಿಗ್ರಿ ಬೇಕು, ಹೆಪ್ಪುಗಟ್ಟಲು 40ರ ಕೆಳಗಿಳಿಯಬೇಕು. ಹಾಗಾಗಿ ಪ್ಲೇಟಿಗೆ ಸುರಿಯುವುದು 45ರಿಂದ 50 ಡಿಗ್ರಿ ಇರುವಾಗ. ಇನ್ನೂ ಬಿಸಿಯಿದ್ದರೆ ಮುಚ್ಚಳಕ್ಕೆ ಹಬೆನೀರು ಕಟ್ಟುತ್ತದೆ, ತಡವಾದರೆ ಗಂಟುಗಂಟಾಗುತ್ತದೆ.

ಇನ್ನು ಒಂದು ಪ್ರಾಕ್ಟಿಕಲ್ ಕ್ಲಾಸಿನ ಲೆಕ್ಕ. 20 ವಿದ್ಯಾರ್ಥಿಗಳು, ತಲಾ 2 ಪ್ಲೇಟ್, ಪ್ಲೇಟಿಗೆ 20 ಮಿಲಿಲೀಟರ್ ಎಂದರೆ 800 ಮಿಲಿಲೀಟರ್. ಏನನ್ನೂ ಬಿತ್ತದ 4 ಕಂಟ್ರೋಲ್ ಪ್ಲೇಟಿಗೆ ಮತ್ತೆ 80. ಚೆಲ್ಲುವುದು, ಫ್ಲಾಸ್ಕಿನ ತಳದಲ್ಲಿ ಉಳಿಯುವುದು ಸೇರಿಸಿ 1 ಲೀಟರ್ ಮಾಡಿಟ್ಟುಕೊಂಡರೆ ಸಾಕು. 500 ಗ್ರಾಂ ಡಬ್ಬಿಯೊಂದರಲ್ಲಿ ಇಂಥ 17 ಬ್ಯಾಚ್ ಮುಗಿದು ಇನ್ನೂ 24 ಗ್ರಾಂ ಪುಡಿ ಮಿಗುತ್ತದೆ. ಒಂದು ಪ್ಲೇಟಿಗೆ ಬೀಳುವುದು 0.56 ಗ್ರಾಂ.

ದುಬಾರಿಯಾಗಿರುವುದು ಬಿಸಿ ಮತ್ತು ಹೊತ್ತು. ಮೀಡಿಯಾ ಬೇಯಿಸುವ ಆಟೋಕ್ಲೇವಿನಲ್ಲಿ 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಒತ್ತಡ ಏರುವುದಕ್ಕೂ ಇಳಿಯುವುದಕ್ಕೂ ಹಿಡಿಯುವ ಹೊತ್ತು ಆ ಪಾಠದಲ್ಲಿಲ್ಲ. 2 ಕಿಲೋವಾಟ್ ಹೀಟರ್ ಒಂದು ಗಂಟೆ ಉರಿದರೆ 2 ಯೂನಿಟ್ ಕರೆಂಟು. ಬೆಳೆದ ಪ್ಲೇಟುಗಳನ್ನು ಎಸೆಯುವ ಮೊದಲು ಮತ್ತೊಮ್ಮೆ ಬೇಯಿಸಲೇಬೇಕು, ಅಲ್ಲಿಗೆ 4 ಯೂನಿಟ್. 40 ಪ್ಲೇಟಿಗಾದರೂ 44 ಪ್ಲೇಟಿಗಾದರೂ ಖರ್ಚು ಹೆಚ್ಚುಕಡಿಮೆ ಅಷ್ಟೇ. ಆದರೂ ಖರ್ಚು ಕಡಿಮೆ ಮಾಡಿ ಎಂದ ಕೂಡಲೇ ಮೊದಲು ಹೋಗುವುದು ಆ 4 ಕಂಟ್ರೋಲ್ ಪ್ಲೇಟುಗಳು. ಉಳಿತಾಯ ಎರಡೂಕಾಲು ಗ್ರಾಂ. ಮರುದಿನ ಎಲ್ಲ ಪ್ಲೇಟಿನಲ್ಲೂ ಒಂದೇ ಬಗೆಯ ಬಿಳಿ ಕಾಲೊನಿ ಎದ್ದರೆ ಅದು ಮಾದರಿಯಿಂದ ಬಂತೋ, ಸರಿಯಾಗಿ ಬೇಯದ ಮೀಡಿಯಾದಿಂದ ಬಂತೋ ಹೇಳುವವರಿಲ್ಲ. 28 ಗ್ರಾಂ, 4 ಯೂನಿಟ್, 24 ಗಂಟೆಯ ಇನ್‌ಕ್ಯುಬೇಶನ್ ಎಲ್ಲವೂ ವ್ಯರ್ಥ.

ಇದಕ್ಕಿಂತ ಕೆಟ್ಟ ಉಳಿತಾಯ ಆ್ಯಂಟಿಬಯಾಟಿಕ್ ಡಿಸ್ಕ್ ಪರೀಕ್ಷೆಯಲ್ಲಿ ನಡೆಯುತ್ತದೆ. ಅಲ್ಲಿ ಬಳಸುವ ಮುಲ್ಲರ್-ಹಿಂಟನ್ ಅಗಾರ್ ಲೀಟರಿಗೆ 38 ಗ್ರಾಂ, ಪ್ಲೇಟಿನಲ್ಲಿ ಅದರ ದಪ್ಪ 4 ಮಿಲಿಮೀಟರ್ ಇರಬೇಕು. 90 ಮಿಲಿಮೀಟರ್ ಅಗಲದ ಪ್ಲೇಟಿಗೆ ಇದು 25 ಮಿಲಿಲೀಟರ್ ಬೇಡುತ್ತದೆ, ಪುಡಿಯ ಲೆಕ್ಕದಲ್ಲಿ 0.95 ಗ್ರಾಂ. ತಳ ಮುಚ್ಚಿತಲ್ಲ ಎಂದು 12 ಮಿಲಿಲೀಟರಿಗೆ ಕೈ ನಿಲ್ಲಿಸಿದರೆ ದಪ್ಪ 2 ಮಿಲಿಮೀಟರಿಗೂ ಕಡಿಮೆ. ಆಗ ಔಷಧಿ ಆಳಕ್ಕಿಳಿಯಲು ಜಾಗವಿಲ್ಲದೆ ಪಕ್ಕಕ್ಕೆ ಹರಡಿ, ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ ಇರಬೇಕಾದ್ದಕ್ಕಿಂತ ದೊಡ್ಡದಾಗುತ್ತದೆ. ನಾಟದ ಔಷಧಿಯೂ ನಾಟುವಂತೆ ಕಾಣುತ್ತದೆ. ಉಳಿದದ್ದು ಅರ್ಧ ಗ್ರಾಂ! ಕಾಲೇಜಿನಲ್ಲಾದರೆ ರೆಕಾರ್ಡ್ ಪುಸ್ತಕದಲ್ಲಿ ಒಂದು ತಪ್ಪು ಸಂಖ್ಯೆ. ಆಸ್ಪತ್ರೆಯಲ್ಲಾದರೆ ರೋಗಿಗೆ ತಪ್ಪು ಮಾತ್ರೆ.

ಸ್ಲೈಡಿನ ಮೇಲೆ ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕುವುದಂತೂ ತೀರಾ ಅಗ್ಗ. ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ವಿಧಾನದ ಇಂದಿನ ರೂಪಕ್ಕೆ ನಾಲ್ಕು ನಿಮಿಷವೂ ಹಿಡಿಯದು: ಕ್ರಿಸ್ಟಲ್ ವಯೊಲೆಟ್ 1 ನಿಮಿಷ, ಅಯೋಡಿನ್ 1 ನಿಮಿಷ, ಆಲ್ಕೋಹಾಲ್ 10ರಿಂದ 20 ಸೆಕೆಂಡ್, ಸ್ಯಾಫ್ರನಿನ್ 1 ನಿಮಿಷ. ನೂರು ಮಿಲಿಲೀಟರಿನಲ್ಲಿ 2 ಗ್ರಾಂ ವಯೊಲೆಟ್ ಇರುತ್ತದೆ. ಸ್ಲೈಡಿಗೆ ಧಾರಾಳವಾಗಿ 1 ಮಿಲಿಲೀಟರ್ ಎಂದರೂ 40 ಸ್ಲೈಡಿಗೆ 0.8 ಗ್ರಾಂ. ಸ್ಯಾಫ್ರನಿನ್ 0.1 ಗ್ರಾಂ. ಎರಡೂ ಬಣ್ಣ ಸೇರಿ ಇಡೀ ಬ್ಯಾಚಿಗೆ 1 ಗ್ರಾಂ ಆಗಲಿಲ್ಲ. ಇಲ್ಲಿ ಕೈ ಬಿಗಿಹಿಡಿಯಬೇಕಾದದ್ದು ಆಲ್ಕೋಹಾಲಿನ ಸೆಕೆಂಡುಗಳಲ್ಲಿ ಮಾತ್ರ. ಅದು ಮಿತಿಮೀರಿದರೆ ನೇರಳೆಯಾಗಿ ಉಳಿಯಬೇಕಾದ ಸ್ಟ್ಯಾಫಿಲೊಕಾಕಸ್ ಕೂಡ ಕೆಂಪಾಗುತ್ತದೆ. ಹಳೆಯ ಕಲ್ಚರಿನದೂ ಇದೇ ಕಥೆ, 18ರಿಂದ 24 ಗಂಟೆಯದ್ದೇ ಬೇಕು. ಅದೇ ಸ್ಲೈಡಿನ ಒಂದು ತುದಿಗೆ ಸ್ಟ್ಯಾಫಿಲೊಕಾಕಸ್, ಇನ್ನೊಂದು ತುದಿಗೆ ಕೆಂಪಾಗಲೇಬೇಕಾದ ಇ. ಕೋಲೈ ಹಚ್ಚಿಕೊಂಡರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಇದಕ್ಕೆ ಹೆಚ್ಚಿನ ಖರ್ಚು ಸೊನ್ನೆ.

ಇಂಡೆಂಟ್ ಬರೆಯುವ ಮೇಷ್ಟ್ರುಗಳಲ್ಲಿ ಒಂದು ಮನವಿ: ಕಡಿಮೆ ಮಾಡಲೇಬೇಕೆಂದರೆ ಪ್ರಯೋಗಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಕಂಟ್ರೋಲ್ ಪ್ಲೇಟನ್ನೂ ಅಗಾರಿನ ದಪ್ಪವನ್ನೂ ಮುಟ್ಟಬೇಡಿ.