ಕೋಡಿ ಮುಚ್ಚಿದ ಜಲಾಶಯ: ಖಾಸಗಿ ಅಣೆಕಟ್ಟಿನ ಹೊಣೆ

ಆಸ್ತಿಯೊಂದನ್ನು ಕೊಂಡಾಗ ಅದರ ಹೊಣೆಯೂ ಕೊಂಡವರಿಗೇ ಸೇರುತ್ತದೆ ಎಂಬುದು ವ್ಯವಹಾರಸ್ಥರಿಗೆ ತಿಳಿಯದ ಸಂಗತಿಯೇನಲ್ಲ. ಸಾಲ, ತೆರಿಗೆ ಬಾಕಿಗಳನ್ನು ಕಾಗದಪತ್ರಗಳಲ್ಲಿ ಪತ್ತೆಹಚ್ಚಬಹುದು. ಮಣ್ಣಿನ ಏರಿಯಲ್ಲಿ ಅಡಗಿರುವ ಹೊಣೆ ಮಾತ್ರ ಮಳೆಗಾಲದಲ್ಲೇ ಬಯಲಾಗುತ್ತದೆ. ಅಮೆರಿಕದ ಹವಾಯಿ ರಾಜ್ಯದ ಕವಾಯಿ ದ್ವೀಪದಲ್ಲಿದ್ದ ಕಾ ಲೋಕೋ ಅಣೆಕಟ್ಟು ಇದಕ್ಕೊಂದು ನಿದರ್ಶನ.

ಕಬ್ಬಿನ ತೋಟಗಳ ನೀರಾವರಿಗೆಂದು 1890ರಲ್ಲಿ ನಿರ್ಮಿಸಲಾದ ಮಣ್ಣಿನ ಅಣೆಕಟ್ಟು ಅದು. ಸಕ್ಕರೆ ಕಂಪನಿ 1971ರಲ್ಲಿ ಮುಚ್ಚಿತು, ಜಲಾಶಯ ಉಳಿಯಿತು. ಕಾಲಾನಂತರ ಆ ಭೂಮಿ ಉದ್ಯಮಿಯೊಬ್ಬರ ಕೈಸೇರಿತು. ವಾರಗಟ್ಟಲೆ ಸುರಿದ ಮಳೆಯ ಬಳಿಕ, 2006ರ ಮಾರ್ಚ್ 14ರ ನಸುಕಿನಲ್ಲಿ ಏರಿ ಒಡೆಯಿತು. ಸುಮಾರು 40 ಕೋಟಿ ಗ್ಯಾಲನ್, ಅಂದರೆ 150 ಕೋಟಿ ಲೀಟರಿನಷ್ಟು ನೀರು ಕೆಳಕ್ಕೆ ನುಗ್ಗಿತು. ಏಳು ಮಂದಿ ಮೃತಪಟ್ಟರು.

ಮಣ್ಣಿನ ಏರಿಗೆ ಕೋಡಿಯೇ ಪ್ರಾಣರಕ್ಷಕ. ಹೆಚ್ಚುವರಿ ನೀರು ಕೋಡಿಯಲ್ಲಿ ಹರಿದುಹೋಗದಿದ್ದರೆ ಏರಿಯ ನೆತ್ತಿಯ ಮೇಲೆ ಹರಿಯುತ್ತದೆ. ಹೊರಮೈಯ ಮಣ್ಣು ಕೊಚ್ಚಿಹೋಗಿ ಕೆಲವೇ ಗಳಿಗೆಗಳಲ್ಲಿ ಬಿರುಕು ಕಂದಕವಾಗುತ್ತದೆ. ಕಾ ಲೋಕೋದ ಕೋಡಿಯನ್ನು ಮಣ್ಣು ತುಂಬಿಸಿ ಮುಚ್ಚಲಾಗಿತ್ತೆಂಬುದೇ ಮಾಲೀಕರ ಮೇಲಿದ್ದ ಮುಖ್ಯ ಆಪಾದನೆ. ಸರ್ಕಾರವೂ ಆ ಅಣೆಕಟ್ಟನ್ನು ಅದುವರೆಗೆ ಪರಿಶೀಲಿಸಿರಲಿಲ್ಲವೆಂಬುದು 2007ರ ತನಿಖಾ ವರದಿಯಿಂದ ತಿಳಿದುಬಂದಿತು. ಅದೇ ವರ್ಷ ರಾಜ್ಯವು ಹೊಸ ಅಣೆಕಟ್ಟು ಸುರಕ್ಷತಾ ಕಾಯ್ದೆಯನ್ನು ಜಾರಿಗೊಳಿಸಿತು. ಮಾಲೀಕರು 2013ರಲ್ಲಿ ಆರೋಪವನ್ನು ಪ್ರಶ್ನಿಸುವುದಿಲ್ಲವೆಂದು ನ್ಯಾಯಾಲಯಕ್ಕೆ ತಿಳಿಸಿದರು; 2014ರಲ್ಲಿ ಅವರಿಗೆ ಏಳು ತಿಂಗಳ ಸೆರೆವಾಸ ವಿಧಿಸಲಾಯಿತು.

ಭಾರತದಲ್ಲಿ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಎತ್ತರದವುಗಳಿಗೆ ಕೆಲವು ಷರತ್ತುಗಳಿವೆ. ಅದಕ್ಕಿಂತ ಸಣ್ಣ ಏರಿಗಳು ಈ ಕಾಯ್ದೆಯ ವ್ಯಾಪ್ತಿಗೆ ಬಾರದಿದ್ದರೂ ಕೆಳಗಿನ ಹೊಲ, ಮನೆಗಳಿಗೆ ಅವುಗಳಿಂದ ಅಪಾಯವಿಲ್ಲವೆಂದಲ್ಲ.

ಆದ್ದರಿಂದ ತೋಟ, ಜಮೀನಿನೊಡನೆ ಜಲಾಶಯವನ್ನೂ ಕೊಳ್ಳುವವರು ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ ಅನುಭವಿ ಎಂಜಿನಿಯರರಿಂದ ಏರಿಯನ್ನು ಪರೀಕ್ಷಿಸಿಸುವುದು ಲೇಸು. ಕೋಡಿ ತೆರೆದಿದೆಯೇ, ತೂಬು ಕೆಲಸಮಾಡುತ್ತಿದೆಯೇ, ಹೊರಮೈಯಲ್ಲಿ ನೀರು ಜಿನುಗುತ್ತಿದೆಯೇ, ಏರಿಯ ಮೇಲೆ ಮರಗಳು ಬೇರೂರಿವೆಯೇ ಎಂಬುದನ್ನು ಪ್ರತಿ ಮಳೆಗಾಲಕ್ಕೆ ಮುನ್ನ ನೋಡಬೇಕು. ವರ್ಷದ ಬಹುಕಾಲ ಒಣಗಿರುವ ಕೋಡಿಯು ವ್ಯರ್ಥ ಜಾಗವೆಂದು ತೋರಬಹುದು. ಅದನ್ನು ಮುಚ್ಚಿ ಉಳಿಸುವ ನೆಲಕ್ಕಿಂತ ತೆರಬೇಕಾದ ಬೆಲೆ ಬಹಳ ದೊಡ್ಡದು.